ಮೀನಖಂಡದ ನಾಲ್ಕನೇ ಎಸಳು

ಒದ್ದೆ ಬಟ್ಟೆ ಎತ್ತಿದಾಗ ತಟ್ಟೆಯಲ್ಲಿದ್ದದ್ದು ಮೂರೇ.

ನಾಲ್ಕಿರಬೇಕಿತ್ತು. ಶುಕ್ರವಾರ ಮಧ್ಯಾಹ್ನ ಛೇದನದ ಕೋಣೆಯ ಚಾಕು ಅಕ್ಕ ಕೈಯಾರೆ ನಾಲ್ಕು ಎಸಳು ಬಿಡಿಸಿ, ಸಾಲಾಗಿ ಮಲಗಿಸಿ, ಬಟ್ಟೆ ಹೊದಿಸಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಿಭಾಗದ ಮುಖ್ಯಸ್ಥರನ್ನೂ ಹಕ್ಕಿಗಳ ಓಟ ಅಭ್ಯಸಿಸುವ ಓಟದ ಮೇಷ್ಟ್ರನ್ನೂ ಕರೆತಂದು, ನೀವೇ ಎಣಿಸಿ ಎಂದು ಬಟ್ಟೆ ಎತ್ತಿದರು. ಇಬ್ಬರೂ ಎಣಿಸಿದರು. ಮೂರು.

ಮುಖ್ಯಸ್ಥರು ತಟ್ಟೆಯನ್ನು ಮುಟ್ಟಲಿಲ್ಲ. ಅವರು ಏನನ್ನೂ ಮುಟ್ಟುವವರಲ್ಲ. ಹಿಂದಕ್ಕೆ ಸರಿದು ಕೋಣೆಗೆ ಸೀಲ್ ಹಾಕಿಸಿದರು. ಊಟದ ಹೊತ್ತಿಗೆ ಅಕ್ಕನ ಹೆಸರಿಗೆ ಆದೇಶವೂ ಬಂತು: ವಿಚಾರಣೆ ಮುಗಿಯುವ ತನಕ ಈ ನೌಕರರು ಛೇದನದ ಮೇಜಿಗೆ ಕೈ ಹಚ್ಚತಕ್ಕದ್ದಲ್ಲ. ಕೆಳಗೆ ಇನ್ನೊಂದು ಸಾಲು: ವಯಸ್ಸು ಮತ್ತು ದೃಷ್ಟಿಯನ್ನು ಗಮನಿಸಿ ಇವರನ್ನು ಉಗ್ರಾಣಕ್ಕೆ ವರ್ಗಾಯಿಸುವುದನ್ನು ಪರಿಶೀಲಿಸಲಾಗುವುದು. ಉಗ್ರಾಣವೆಂದರೆ ಗಾಜಿನ ಭರಣಿಗಳಿಗೆ ಚೀಟಿ ಅಂಟಿಸುವ ಕೆಲಸ. ಇಪ್ಪತ್ತಾರು ವರ್ಷ ಚಾಕು ಹಿಡಿದವರಿಗೆ.

ನಮ್ಮ ಸಂಸ್ಥೆಯಲ್ಲಿ ಏನು ಕಳೆದುಹೋದರೂ ಕಾಗದ ಬರುವುದು ನಮ್ಮ ಮೇಡಂ ಮೇಜಿಗೆ. ಕುರ್ಚಿ, ದುರ್ಬೀನು, ಒಮ್ಮೆ ಕೀಲುಸಮೇತ ಒಂದು ಬಾಗಿಲು. ಅವರು ವಿಚಾರಣಾಧಿಕಾರಿ, ನಾನು ಪಕ್ಕದಲ್ಲಿ ಕೂತು ಹೇಳಿಕೆ ಬರೆದುಕೊಳ್ಳುವವಳು. ಬುಧವಾರ ಬೆಳಿಗ್ಗೆ ಈ ಕಾಗದ ಓದಿ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹಕ್ಕಿ ಕಾಲಿನ ಮಾಂಸ ಕಳೆದಿದೆಯಂತೆ. ಇದನ್ನ ಕ್ಯಾಂಟೀನಿಗೆ ಕಳಿಸಬೇಕಿತ್ತು, ತಪ್ಪಿ ನಮಗೆ ಬಂದಿದೆ."

"ಸಾಯಂಕಾಲ ನಾಲ್ಕರೊಳಗೆ ಮುಗಿಸಬೇಕಂತೆ ಮೇಡಂ. ಹೊರಗಿನವರು ನೋಡೋಕೆ ಬರ್ತಾರೆ."

"ಸೋಮವಾರ ಕಳೆದದ್ದಕ್ಕೆ ಬುಧವಾರ ಕಾಗದ. ಮುಗಿಸೋಕೆ ಆರು ಗಂಟೆ. ಸರಿ, ನಡಿ."

ಮೊದಲು ಮುಖ್ಯಸ್ಥರು. ಅವರು ಹೇಳಿದ್ದರ ಸಾರಾಂಶ ಇಷ್ಟು. ಪ್ರಾಣಿ ಉದ್ಯಾನವೊಂದರಲ್ಲಿ ಎಮು ಹಕ್ಕಿಯೊಂದು ಬೇಲಿಗೆ ಗುದ್ದಿ ಸತ್ತಿತ್ತು. ಬಲಗಾಲು ಜಜ್ಜಿಹೋಗಿತ್ತು, ಎಡಗಾಲು ಇಡಿಯಾಗಿ ಸಿಕ್ಕಿತು. ಹಾರದ ಹಕ್ಕಿಗಳು ಹೇಗೆ ಅಷ್ಟು ಜೋರಾಗಿ ಓಡುತ್ತವೆ ಎಂದು ನೋಡಲು ಆ ಕಾಲಿನ ಒಂದೊಂದು ಸ್ನಾಯುವನ್ನೂ ಬಿಡಿಸಿ, ತೂಗಿ, ಫಾರಂ ತುಂಬಬೇಕಿತ್ತು. ಬಿಡಿಸುವುದು ಚಾಕು ಅಕ್ಕ. ತೂಗಿ ಬರೆಯುವುದು ಅವರ ಸಹಾಯಕಿ. ಮೀನಖಂಡದ ಸ್ನಾಯುವಿಗೆ ಫಾರಂನಲ್ಲಿ ಮೂರು ಸಾಲು ಇವೆ. ಏಕೆಂದರೆ ಹಕ್ಕಿಗಳಲ್ಲಿ ಅದಕ್ಕೆ ಮೂರು ಭಾಗ. ಈಕೆ ಶುಕ್ರವಾರ ಬಂದು ನಾಲ್ಕು ಇವೆ ಎಂದರು.

"ನಾಲ್ಕು ಇರೋಕೆ ಸಾಧ್ಯವೇ ಇಲ್ವಾ?" ಮೇಡಂ ಕೇಳಿದರು.

"ಫಾರಂ ನೋಡಿ. ಮೂರೇ ಸಾಲು."

"ಫಾರಂ ಯಾವ ಹಕ್ಕಿ ನೋಡಿ ಮಾಡಿದ್ದು?"

ಅವರು ಕಿಟಕಿ ಕಡೆ ತಿರುಗಿದರು. "ಕೋಳಿ."

ಮೇಡಂ ನನ್ನ ಕಡೆ ನೋಡಿದರು. ಬರಕೋ ಎಂದು ಅರ್ಥ. ಬರೆದುಕೊಂಡೆ.

ಅವರ ಪ್ರಕಾರ ನಡೆದಿರುವುದು ಎರಡರಲ್ಲಿ ಒಂದು. ಆಕೆ ಕಣ್ಣು ಸರಿಯಾಗಿ ಕಾಣದೆ ಒಂದು ಭಾಗವನ್ನು ಸೀಳಿ ಎರಡು ಮಾಡಿ, ತಪ್ಪು ಗೊತ್ತಾದ ಮೇಲೆ ಒಂದು ತುಂಡನ್ನು ತಾವೇ ಎಸೆದು ಕಳುವಿನ ಕಥೆ ಕಟ್ಟಿದ್ದಾರೆ. ಇಲ್ಲವೇ ನಿಜವಾಗಿಯೂ ಯಾರೋ ಕದ್ದಿದ್ದಾರೆ. ಎರಡರಲ್ಲೂ ತಪ್ಪು ಆಕೆಯದೇ. ಭರ್ತಿಯಾದ ಫಾರಂ ಕೊಡಿ ಎಂದರೆ ಅದು ಫೈಲಿನಲ್ಲಿದೆ ಎಂದರು. ಫೈಲು ಕೊಡಿ ಎಂದರೆ ಅದಕ್ಕೊಂದು ಕೋರಿಕೆ ಪತ್ರ ಬೇಕು ಎಂದರು. ಮೇಡಂ ಅಲ್ಲೇ ನಿಂತು ನನ್ನ ಪ್ಯಾಡಿನ ಹಾಳೆ ಹರಿದು ಕೋರಿಕೆ ಬರೆದುಕೊಟ್ಟರು.

ಫೈಲು ಬಂತು. ಮೇಡಂ ಫಾರಂನ ಮೂರು ಅಂಕಿಗಳನ್ನು ಬೆರಳಿಟ್ಟು ಓದಿದರು. ಮುನ್ನೂರ ಹದಿನೆಂಟು ಗ್ರಾಂ. ನೂರ ತೊಂಬತ್ತಾರು. ಮುನ್ನೂರ ನಲವತ್ತಾರು. ಚಿತ್ತಿಲ್ಲ, ಕಾಟಿಲ್ಲ. ಕೆಳಗೆ ಶನಿವಾರದ ತಾರೀಖು, ಸಹಾಯಕಿಯ ಸಹಿ.

ಚಾಕು ಅಕ್ಕ ಉಗ್ರಾಣದ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಐವತ್ತನಾಲ್ಕು ವಯಸ್ಸು, ಗಟ್ಟಿಮುಟ್ಟಾದ ಹೆಂಗಸು. ಹೊಸ ಕನ್ನಡಕ ಮೂಗಿನ ಮೇಲೆ ಇನ್ನೂ ಒಗ್ಗಿರಲಿಲ್ಲ. ಮಡಿಲಲ್ಲಿ ಎರಡೂ ಕೈಗಳನ್ನು ಮೇಲ್ಮುಖವಾಗಿ ಇಟ್ಟುಕೊಂಡಿದ್ದರು, ಯಾರೋ ಹಿಡಿದುಕೊಂಡಿರು ಎಂದು ಕೊಟ್ಟುಹೋದ ವಸ್ತುಗಳಂತೆ. ಮೇಡಂ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ನನಗೆ ಇದರ ತಲೆಬುಡ ಗೊತ್ತಿಲ್ಲ, ಶುರುವಿನಿಂದ ಹೇಳಿ ಎಂದರು.

ಆ ಹಕ್ಕಿಯ ಕಾಲನ್ನು ಅಕ್ಕ ಗಾಳಿಯಲ್ಲೇ ಬರೆದು ತೋರಿಸಿದರು. ನೋಡುವವರು ಹಿಂದಕ್ಕೆ ಮಡಿಚಿದ ಮೊಣಕಾಲು ಅಂದುಕೊಳ್ಳುವುದು ಅದರ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಗರಿಯೊಳಗೆ. ಮಾಂಸವೆಲ್ಲ ಮೇಲ್ಗಡೆ, ಕೆಳಗಡೆ ಬರೀ ಮೂಳೆ ಮತ್ತು ಹಗ್ಗದಂಥ ನರಗಟ್ಟು. ಕಾಲಿನ ತುದಿ ಹಗುರ, ಅದಕ್ಕೇ ಬೀಸಿ ಓಡಲು ಸುಲಭ. ಹಾರುವ ಹಕ್ಕಿಗೆ ಎದೆಯಲ್ಲಿರುವ ಕಸುವು ಇದಕ್ಕೆ ಕಾಲಲ್ಲಿ. ಆ ಕಸುವಿನ ರಾಜ ಮೀನಖಂಡ. ಒಂದೇ ಸ್ನಾಯು, ಆದರೆ ಎಸಳು ಎಸಳಾಗಿ ಬಂದು ಕೆಳಗೆ ಒಂದೇ ಹಗ್ಗಕ್ಕೆ ಸೇರುತ್ತದೆ. ಫಾರಂನಲ್ಲಿ ಭಾಗ ಎಂದಿರುವುದಕ್ಕೆ ಅಕ್ಕ ಎಸಳು ಎನ್ನುತ್ತಿದ್ದರು.

"ನೀವೇ ಒಂದನ್ನ ಸೀಳಿ ಎರಡು ಮಾಡಿಲ್ಲ ಅಂತ ಹೇಗೆ ನಂಬೋದು?"

ಅಕ್ಕನಿಗೆ ಸಿಟ್ಟು ಬರಲಿಲ್ಲ. ಎರಡು ದಿನದಿಂದ ಅದೇ ಪ್ರಶ್ನೆ ಕೇಳಿ ಸಿಟ್ಟು ಖರ್ಚಾಗಿತ್ತು.

"ಪ್ರತಿ ಎಸಳಿಗೂ ಸುತ್ತ ಒಂದು ಪೊರೆ ಇರುತ್ತೆ. ಹೊಳೀತಾ, ನುಣ್ಣಗೆ. ಚಾಕು ಸೀಳಿದ ಕಡೆ ಪೊರೆ ಇರಲ್ಲ, ಎಳೆ ಎಳೆಯಾಗಿ ಒರಟಾಗಿರುತ್ತೆ. ಮುಟ್ಟಿದ್ರೆ ಯಾರಿಗೂ ಗೊತ್ತಾಗುತ್ತೆ. ಆದ್ರೆ ಮುಟ್ಟೋಕೆ ಅದೇ ಇಲ್ವಲ್ಲ. ನಾಲ್ಕಿತ್ತು, ನಾಲ್ಕಿತ್ತು ಅಂತ ಎಷ್ಟು ಸಲ ಹೇಳಿದೀನಿ ಅಂದ್ರೆ, ಈಗ ನನಗೇ ಅನುಮಾನ."

ಕೊನೆಯ ಮಾತನ್ನು ಅವರು ಬೆಂಚಿನ ಕಾಲಿಗೆ ಹೇಳಿದಂತೆ ಹೇಳಿದರು. ಮೇಡಂ ಅದನ್ನು ಬರೆಯಬೇಡ ಎಂದು ನನ್ನ ಪೆನ್ನಿನ ಮೇಲೆ ಬೆರಳಿಟ್ಟರು. ಇಡದಿದ್ದರೂ ನಾನು ಬರೆಯುತ್ತಿರಲಿಲ್ಲ. ಬೇರೆಯವರು ನಮ್ಮನ್ನು ನಂಬದಿದ್ದರೆ ಹೋಗಲಿ ಅನ್ನಬಹುದು. ಸ್ವಂತ ಕೈಯನ್ನೇ ನಂಬುವುದು ನಿಂತರೆ ಹೆಂಗಸು ಬೆಳಿಗ್ಗೆ ಎದ್ದು ಯಾವುದನ್ನು ಹಿಡಿಯಬೇಕು?

ಶುಕ್ರವಾರ ನಾಲ್ಕು ಗಂಟೆಗೆ ಅವರು ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಹೋಗುವಾಗ ಮೊಗಸಾಲೆಯಲ್ಲಿ ಮುಖ್ಯಸ್ಥರಿಗೆ, ಓಟದ ಮೇಷ್ಟ್ರಿಗೆ, ಎಲ್ಲರ ಕಿವಿಗೆ ಬೀಳುವಂತೆ ನಾಲ್ಕರ ಸುದ್ದಿ ಹೇಳಿದ್ದರು. ಮೇಷ್ಟ್ರು ನಕ್ಕಿದ್ದರಂತೆ. ಕೋಣೆಗೆ ಬೀಗ ಹಾಕಿದ್ದು ಪುಟ್ಟಿ. ಶನಿವಾರ ತೆಗೆದು ತೂಗಿದ್ದೂ ಅವಳೇ.

"ಪುಟ್ಟಿ ಅಂದ್ರೆ?"

"ನನ್ನ ಸಹಾಯಕಿ. ಎರಡು ಮಕ್ಕಳ ತಾಯಿ, ಆದ್ರೂ ನನಗೆ ಪುಟ್ಟಿ. ಹತ್ತು ವರ್ಷ ನನ್ನ ಪಕ್ಕದಲ್ಲೇ ನಿಂತು ಕಲ್ತವಳು. ಅವಳನ್ನ ಬಿಟ್ಬಿಡಿ ಮೇಡಂ. ಸೋಮವಾರದಿಂದ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಾಳೆ."

ಮುಂದೆ ಗುಡಿಸುವ ಚಿಕ್ಕಮ್ಮ. ಶುಕ್ರವಾರ ಸಾಯಂಕಾಲ ಕೋಣೆಗೆ ಹೋಗಿದ್ದಳೇ? ಹೋಗಿದ್ದಳು, ನೆಲ ಒರೆಸಲು. ತಟ್ಟೆ ನೋಡಿದಳೇ? ಬಟ್ಟೆ ನೋಡಿದಳು. ಮಾಂಸವನ್ನು ಯಾರಾದರೂ ಮನೆಗೆ ಒಯ್ದಿರಬಹುದು ಎಂದು ಮುಖ್ಯಸ್ಥರು ಬರೆದಿದ್ದಾರಲ್ಲ, ಅದಕ್ಕೇನು ಹೇಳುತ್ತೀಯ?

ಚಿಕ್ಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಔಷಧಿ ಕುಡಿಸಿ ಹತ್ತು ದಿನ ಇಟ್ಟ ಮಾಂಸ ಅದು. ಅದನ್ನ ಬೇಯಿಸಿ ಬಡಿಸೋವಷ್ಟು ಸಿಟ್ಟು ನನಗೆ ನನ್ನ ಗಂಡನ ಮೇಲೂ ಇಲ್ಲ ಮೇಡಂ. ಇದೆ, ಆದ್ರೆ ಅಷ್ಟಿಲ್ಲ."

ಅವಳು ಕೋಣೆಯಿಂದ ಹೊರಟಾಗ ಒಳಗೆ ಯಾರಿದ್ದರು ಎಂದು ಮೇಡಂ ಕೇಳಿದರು. ಪುಟ್ಟಿ ಬೀಗ ಹಿಡಿದು ಕಾಯುತ್ತಿದ್ದಳು. ಓಟದ ಮೇಷ್ಟ್ರು ಒಳಗೆ ಅಲಮಾರಿನಲ್ಲಿ ಕ್ಯಾಮೆರಾ ಹುಡುಕುತ್ತಿದ್ದರು. ಕಾಲು ಗಂಟೆ ಹುಡುಕಿದರು. ಕ್ಯಾಮೆರಾ ಅವರ ಕೊರಳಲ್ಲೇ ಇತ್ತು.

ಓಟದ ಮೇಷ್ಟ್ರು ಬದುಕಿರುವ ಹಕ್ಕಿಗಳ ಓಟದ ಚಿತ್ರ ತೆಗೆದು, ಅದೇ ಓಟವನ್ನು ಕಂಪ್ಯೂಟರಿನಲ್ಲಿ ಮಾಡಿಸಲು ಹೆಣಗುವವರು. ಅವರ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಅಂಗಿಯ ತೋಳಿನ ಗುಂಡಿ ಹೋಗಿ, ಅಲ್ಲಿ ಸ್ಟೇಪ್ಲರ್ ಪಿನ್ನು ಹೊಡೆದುಕೊಂಡಿದ್ದರು. ಮೇಡಂ ಅದನ್ನೇ ನೋಡುತ್ತ ನಿಂತರು.

"ನಾಲ್ಕು ಅಂದಾಗ ನಕ್ಕಿರಂತೆ?"

"ನಗದೆ ಏನು ಮಾಡ್ಲಿ? ಎಂಟು ತಿಂಗಳ ನನ್ನ ಲೆಕ್ಕ ಮೂರರ ಮೇಲೆ ನಿಂತಿದೆ. ನಾಲ್ಕಾದ್ರೆ ಎಲ್ಲಾ ತೊಳೆದು ಮೊದಲಿಂದ ಮಾಡಬೇಕು."

"ಅಂದ್ರೆ ನಾಲ್ಕನೇದು ಇಲ್ಲದೇ ಇದ್ರೆ ನಿಮಗೆ ಅನುಕೂಲ."

ಅವರು ಸುತ್ತಲೂ ನೋಡಿದರು. ತಮ್ಮ ಮೇಲೆ ಗುಮಾನಿ ಎಂಬುದು ಆಗ ಹೊಳೆದಂತಿತ್ತು. ಅನುಕೂಲವೇನು ಬಂತು ಎಂದು ಗೊಣಗಿದರು. ಮೂರಿಟ್ಟುಕೊಂಡೂ ಲೆಕ್ಕ ಸರಿಬರುತ್ತಿಲ್ಲ. ಚಿತ್ರದಲ್ಲಿ ನಿಜವಾದ ಹಕ್ಕಿಯ ಕಾಲು ಗೆರೆ ಎಳೆದ ಹಾಗೆ ಹಿಂದೆ ಮುಂದೆ ನೆಟ್ಟಗೆ ಬೀಸುತ್ತದೆ. ಅವರ ಕಂಪ್ಯೂಟರಿನ ಹಕ್ಕಿಯ ಕಾಲು ಪಕ್ಕಕ್ಕೆ ಹರಡಿ ಬಾತುಕೋಳಿಯ ಹಾಗೆ ಅಡ್ಡಾಡುತ್ತದೆ. ಬೇಕಾದರೆ ತೋರಿಸುತ್ತೇನೆ ಎಂದರು. ಬೇಡ ಎಂದರೂ ತೋರಿಸಿದರು. ಮೇಡಂ ಗಡಿಯಾರ ನೋಡಿಕೊಂಡರು. ಎರಡೂಮುಕ್ಕಾಲು.

ಪುಟ್ಟಿಯ ಕಣ್ಣು ನಿಜಕ್ಕೂ ಊದಿತ್ತು. ಹೌದು, ಶನಿವಾರ ತಾನೇ ತೂಗಿದ್ದು. ಹೌದು, ಮೂರೇ ಬರೆದದ್ದು. ಸೋಮವಾರ ಮಗುವಿಗೆ ಜ್ವರ, ಹನ್ನೊಂದಕ್ಕೆ ಬಂದಾಗ ಬಾಗಿಲಿಗೆ ಸೀಲು ಬಿದ್ದಿತ್ತು. ಶನಿವಾರ ಬಟ್ಟೆ ತೆಗೆದಾಗ ತಟ್ಟೆಯಲ್ಲಿ ಎಷ್ಟಿದ್ದವು?

"ಫಾರಂನಲ್ಲಿ ಬರೆದಿದೀನಲ್ಲ ಮೇಡಂ."

"ಫಾರಂ ನನ್ನ ಹತ್ರಾನೂ ಇದೆಯಮ್ಮ. ತಟ್ಟೇಲಿ ಎಷ್ಟಿತ್ತು ಅಂತ ಕೇಳಿದ್ದು."

ಪುಟ್ಟಿ ಅಳತೊಡಗಿದಳು. ಮೇಡಂ ಉಸಿರು ಬಿಟ್ಟು ಎದ್ದರು. ಇವರಲ್ಲಿ ಒಬ್ಬರಾದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ನಾನು ಬೇಗ ಮನೆಗೆ ಹೋಗಿ ಕಾಲು ಚಾಚುತ್ತಿದ್ದೆ ಎಂದು ಮೊಗಸಾಲೆಯ ಉದ್ದಕ್ಕೂ ಹೇಳಿಕೊಂಡು ನಡೆದರು.

ಕೋಣೆಯ ಸೀಲು ಒಡೆಯಲು ಮೂರು ಸಹಿ ಬೇಕಂತೆ. ಒಬ್ಬರು ರಜೆಯಲ್ಲಿದ್ದರು. ಮೇಡಂ ತಲೆಪಿನ್ನು ತೆಗೆದು ಅರಗನ್ನು ಎಬ್ಬಿಸಿದರು.

"ಮೇಡಂ, ವಿಚಾರಣೆ ಆಗುತ್ತೆ."

"ಆಗ್ಲಿ. ಮಾಡೋಳು ನಾನೇ ತಾನೆ."

ಒಳಗೆ ತಣ್ಣಗಿತ್ತು, ಔಷಧಿಯ ವಾಸನೆ ಕಣ್ಣಿಗೆ ಹತ್ತಿತು. ಉದ್ದನೆಯ ಉಕ್ಕಿನ ಮೇಜು, ತಕ್ಕಡಿ, ತೊಳೆಯುವ ತೊಟ್ಟಿ. ತೊಟ್ಟಿಯ ಮೇಲೆ ಮೊಳೆಗೆ ಒಂದು ಪುಟ್ಟ ಸ್ಲೇಟು ತೂಗುಬಿದ್ದಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ, ಅಕ್ಕನ ಉರುಟು ಅಕ್ಷರದಲ್ಲಿ: 'ಮೀನಖಂಡ, ಇಡೀ, 862'. ಮೇಡಂ ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಫಾರಂ ತೆಗೆದು ನನ್ನ ಪ್ಯಾಡಿನ ಅಂಚಿನಲ್ಲಿ ಏನೋ ಕೂಡಿದರು. ತಟ್ಟೆಯ ಬಟ್ಟೆ ಎತ್ತಿ ಬಗ್ಗಿ, ಮುಟ್ಟದೆ, ಮೂರನೆಯದನ್ನು ಮಾತ್ರ ನೋಡಿದರು.

"ಎಲ್ಲರನ್ನೂ ಕರಿ," ಎಂದರು. "ಅಕ್ಕನಿಗೆ ಬಾಗಿಲ ಹತ್ರ ಒಂದು ಸ್ಟೂಲು ಹಾಕು."

ಮೂರೂವರೆಗೆ ಎಲ್ಲರೂ ಮೇಜಿನ ಸುತ್ತ ನಿಂತರು. ಅಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ. ಸೀಲು ಒಡೆದವರು ಯಾರು ಎಂದು ಮುಖ್ಯಸ್ಥರು ಶುರುಮಾಡಿದರು. ಮೇಡಂ ಕೈ ಎತ್ತಿ ತಡೆದರು.

"ಸೋಮವಾರದಿಂದ ಇಲ್ಲಿ ಎಲ್ಲರೂ ಎಣಿಸಿದ್ದೇ ಎಣಿಸಿದ್ದು. ಮೂರು, ನಾಲ್ಕು, ಮೂರು. ಒಬ್ಬರಾದ್ರೂ ಕೂಡಿದಿರಾ?" ಅವರು ಸ್ಲೇಟಿನ ಕಡೆ ತೋರಿಸಿದರು. "ಅಕ್ಕ, ಇದು ನಿಮ್ಮ ಅಕ್ಷರ?"

ಅಕ್ಕ ತಲೆಯಾಡಿಸಿದರು. ಬಿಡಿಸುವ ಮೊದಲು ಇಡಿಯಾಗಿ ತೂಗಿ ಬರೆದಿಡುವುದು ಅವರ ಅಭ್ಯಾಸ. ಯಾರೂ ಹಾಗೆ ಮಾಡುವುದಿಲ್ಲ, ಫಾರಂನಲ್ಲಿ ಅದಕ್ಕೆ ಜಾಗವೂ ಇಲ್ಲ.

"ಇಡೀ ಮೀನಖಂಡ ಎಂಟುನೂರ ಅರವತ್ತೆರಡು. ಫಾರಂನಲ್ಲಿರೋ ಮೂರನ್ನ ಕೂಡಿದ್ರೆ ಎಂಟುನೂರ ಅರವತ್ತು. ಎರಡು ಗ್ರಾಂ ನೀರು ಸೋರಿರುತ್ತೆ. ಅಂದ್ರೆ?" ಅವರು ಒಬ್ಬೊಬ್ಬರನ್ನೂ ನೋಡಿದರು. "ಈ ತಟ್ಟೆಯಿಂದ ಏನೂ ಹೋಗಿಲ್ಲ. ಯಾರೂ ಕದ್ದಿಲ್ಲ, ಯಾರೂ ಎಸೆದಿಲ್ಲ. ನಾಲ್ಕನೇದು ಇಲ್ಲೇ ಇದೆ. ಶನಿವಾರ ತೂಗೋಕೆ ಮೊದಲೇ ಅದನ್ನ ಮೂರನೇದರ ಜೊತೆ ಸೇರಿಸಿ ಹೊಲಿದಿದ್ದಾರೆ."

ಮುಖ್ಯಸ್ಥರು ಮೊದಲ ಸಲ ತಟ್ಟೆಯ ಹತ್ತಿರ ಬಂದರು.

ಮೇಡಂ ಮುಂದುವರಿಸಿದರು. ತಾವೂ ಮನೆಯಲ್ಲಿ ಬಟ್ಟೆ ಹೊಲಿಯುವವರು, ಆದರೆ ಆ ಹೊಲಿಗೆಯನ್ನು ಕಾಣಲು ಮೂಗು ತಾಗುವಷ್ಟು ಬಗ್ಗಬೇಕಾಯಿತು. ದಾರ ಹೊರಗೆ ಕಾಣುವುದಿಲ್ಲ, ಗಂಟು ಒಳಗೆ ಹುದುಗಿದೆ. ಶುಕ್ರವಾರ ಕಾಲು ಗಂಟೆ ಇಲ್ಲಿದ್ದ ಮೇಷ್ಟ್ರಿಗೆ ಸ್ವಂತ ತೋಳಿಗೆ ಗುಂಡಿ ಹಾಕಲು ಬರುವುದಿಲ್ಲ. ಮೇಷ್ಟ್ರು ತೋಳು ಮುಚ್ಚಿಕೊಂಡರು.

"ಭರಣಿಯಲ್ಲಿ ಪ್ರದರ್ಶನಕ್ಕಿಡೋ ಮಾದರಿಗೆ ಹಾಕೋ ಹೊಲಿಗೆ ಇದು, ಅಲ್ವಾ ಅಕ್ಕ? ಯಾರಿಗೆ ಬರುತ್ತೆ?"

"ನನಗೆ," ಎಂದರು ಅಕ್ಕ. ಪುಟ್ಟಿಯ ಕಡೆ ತಿರುಗಿದರು. "ಮತ್ತೆ ನಾನು ಕಲಿಸಿದವಳಿಗೆ."

ಪುಟ್ಟಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಅವಳು ಬಿಟ್ಟು ಬಿಟ್ಟು ಹೇಳಿದ್ದು ಇದು. ಶನಿವಾರ ಬಟ್ಟೆ ತೆಗೆದಾಗ ನಾಲ್ಕಿದ್ದವು, ಫಾರಂನಲ್ಲಿ ಮೂರು ಸಾಲು. ಅಕ್ಕನ ಕೈ ತಪ್ಪಿದೆ, ಒಂದನ್ನು ಸೀಳಿಬಿಟ್ಟಿದ್ದಾರೆ ಎಂದುಕೊಂಡಳು. ಅದನ್ನು ಎಲ್ಲರೆದುರು ಸಾರಿಯೂ ಬಂದಿದ್ದಾರೆ. ಹೊಲಿದುಬಿಟ್ಟು, ಸೋಮವಾರ ಬೆಳಿಗ್ಗೆ ಅಕ್ಕನನ್ನು ಪಕ್ಕಕ್ಕೆ ಕರೆದು ಮೂರೇ ಇದ್ದವು ಅಂದುಬಿಡಿ ಎಂದು ಹೇಳೋಣ ಅಂದುಕೊಂಡಿದ್ದಳು. ಬರುವಷ್ಟರಲ್ಲಿ ಅದು ಕಳುವಿನ ಪ್ರಕರಣವಾಗಿತ್ತು. ಆಮೇಲೆ ಬಾಯಿ ಬರಲಿಲ್ಲ.

"ಪೊರೆ ನೋಡ್ಲಿಲ್ವಾ?" ಅಕ್ಕ ಕೇಳಿದರು.

"ಇಲ್ಲ ಅಕ್ಕ. ಫಾರಂ ನೋಡ್ದೆ."

"ಹತ್ತು ವರ್ಷ ಕಲಿಸಿದ್ದು ಇದನ್ನೇನೆ?"

"ಮೊದಲೂ ಹಾಗೆ ಆಗಿತ್ತಲ್ಲ ಅಕ್ಕ." ಪುಟ್ಟಿಯ ದನಿ ಕೇಳಿಸದಷ್ಟು ಇಳಿದಿತ್ತು. "ಬೇಸಿಗೇಲಿ ಬಾತಿನ ಎಡಗಾಲಿಗೆ ಬಲಗಾಲಿನ ಚೀಟಿ ಕಟ್ಟಿದ್ರಿ. ನಾನು ಬದಲಾಯಿಸಿದೆ. ಆಮೇಲೆ ಇನ್ನೂ ಎರಡು ಸಲ. ನಿಮಗೆ ಬೇಜಾರಾಗುತ್ತೇಂತ ಹೇಳ್ಲಿಲ್ಲ."

ಅಕ್ಕನ ಮುಖ ನೋಡಲು ನನಗೆ ಮನಸ್ಸು ಬರಲಿಲ್ಲ, ಆದರೂ ನೋಡಿದೆ. ಉಗ್ರಾಣದ ಆದೇಶ ಓದಿದಾಗಲೂ ಆ ಮುಖ ಹಾಗೆ ಆಗಿರಲಾರದು. ಬೈಯುವವರ ಎದುರು ನಿಲ್ಲಬಹುದು. ಬೆನ್ನ ಹಿಂದೆ ಇಷ್ಟು ದಿನ ಯಾರೋ ನಮ್ಮನ್ನು ಎತ್ತಿ ಹಿಡಿದಿದ್ದರು ಎಂದು ಗೊತ್ತಾದರೆ ಎಲ್ಲಿ ನಿಲ್ಲುವುದು?

"ನೀನು ಕದ್ದಿದ್ರೆ ಚೆನ್ನಾಗಿತ್ತು ಕಣೆ," ಎಂದರು. "ಆ ಮೂರು ಸಲಾನೂ ನನ್ನ ಮುಖಕ್ಕೆ ಹೇಳಿದ್ದಿದ್ರೆ, ಈ ಸಲ ಕೇಳೋ ಧೈರ್ಯ ನಿನಗಿರ್ತಿತ್ತು. ಕೇಳಿದ್ದಿದ್ರೆ ತೋರಿಸ್ತಿದ್ದೆ," ಎಂದರು.

ಮುಖ್ಯಸ್ಥರು ಗಂಟಲು ಸರಿಪಡಿಸಿಕೊಂಡರು. ಹೊಲಿಗೆ ಇರಬಹುದು, ಆದರೆ ಅದು ಸೀಳಿದ ತುಂಡೋ ನಿಜವಾದ ಎಸಳೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದರು. ಮೇಡಂ ಒಮ್ಮೆ ಚಾವಣಿ ನೋಡಿದರು.

"ಹೊಲಿಗೆ ಬಿಚ್ಚಮ್ಮ," ಎಂದರು ಪುಟ್ಟಿಗೆ.

ಪುಟ್ಟಿ ಕೈಗವಸು ತೊಟ್ಟು ದಾರ ಕತ್ತರಿಸಿದಳು. ಆರು ಗಂಟು. ಎರಡು ಎಸಳುಗಳು ಒಂದರಿಂದೊಂದು ಜಾರಿ ಬೇರೆಯಾದವು. ಮುಖಾಮುಖಿಯಾಗಿದ್ದ ಎರಡೂ ಬದಿಗಳು ದೀಪಕ್ಕೆ ಹೊಳೆದವು. ಸೂಜಿ ಚುಚ್ಚಿದ ಚುಕ್ಕಿಗಳನ್ನು ಬಿಟ್ಟರೆ ನುಣ್ಣಗೆ, ತುದಿಯಿಂದ ತುದಿಗೆ ಪೊರೆ. ಎಲ್ಲೂ ಚಾಕು ತಾಗಿರಲಿಲ್ಲ. ಮುಖ್ಯಸ್ಥರು ಒಂದು ಬೆರಳು ಚಾಚಿ ಮುಟ್ಟಿದರು, ಇನ್ನೊಮ್ಮೆ ಮುಟ್ಟಿದರು.

ಓಟದ ಮೇಷ್ಟ್ರು ಮಾತ್ರ ಅದು ಎಲ್ಲಿ ಕೂರುತ್ತಿತ್ತು, ಒಳಬದಿಗೋ ಹೊರಬದಿಗೋ ಎಂದು ಕೇಳಿದರು. ಒಳಬದಿಯ ಮೇಲ್ಗಡೆ ಎಂದರು ಅಕ್ಕ. ಮೇಷ್ಟ್ರು ತುಟಿಯಲ್ಲೇ ಏನೋ ಲೆಕ್ಕ ಹಾಕಿದರು. ಹಾಗಿದ್ದರೆ ಅದು ಕಾಲನ್ನು ಒಳಗಿನಿಂದ ಹಿಡಿದಿಡುತ್ತಿರಬೇಕು, ಪಕ್ಕಕ್ಕೆ ಹರಡಲು ಬಿಡುವುದಿಲ್ಲ, ಅದಕ್ಕೇ ನಿಜವಾದ ಹಕ್ಕಿ ನೆಟ್ಟಗೆ ಓಡುತ್ತದೆ ಎಂದುಕೊಳ್ಳುತ್ತ, ಯಾರಿಗೂ ಹೇಳದೆ, ಬಹುತೇಕ ಓಡಿಯೇ ಹೋದರು. ಎಂಟು ತಿಂಗಳ ಕೆಲಸ ಹೋದವರ ಮುಖ ಅದಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಮುಖ್ಯಸ್ಥರಿಗೆ ಹೊರಗಿನವರ ನೆನಪಾಯಿತು. "ಬೇಗ ಬೇಗ. ನಾಲ್ಕನ್ನೂ ಸರಿಯಾಗಿ ಜೋಡಿಸಿಡಿ. ಅವರು ಬಂದುಬಿಡ್ತಾರೆ."

ಅಕ್ಕ ಬಾಗಿಲ ಬಳಿಯಿಂದ ಅಲುಗಲಿಲ್ಲ.

"ನಿಮಗೇ ಹೇಳಿದ್ದು," ಎಂದರು ಮುಖ್ಯಸ್ಥರು.

"ಮೇಜಿಗೆ ಕೈ ಹಚ್ಚತಕ್ಕದ್ದಲ್ಲ ಅಂತ ಆದೇಶ ಇದೆಯಲ್ಲ ಸರ್."

"ಅದನ್ನ ಆಮೇಲೆ ನೋಡೋಣ."

"ಈಗ ನೋಡಿ. ಬರವಣಿಗೇಲಿ ಬಂದಿದ್ದು ಬರವಣಿಗೇಲೇ ಹೋಗ್ಬೇಕು. ಕಣ್ಣಿನ ಸಾಲೂ ಸೇರಿ. ಕಣ್ಣು ತೋರಿಸ್ಕೊಂಡು ಬಂದಿದೀನಿ, ಕನ್ನಡಕ ಬದಲಾಯಿಸಿದೀನಿ, ಇನ್ಮುಂದೆ ಚೀಟಿ ಕಟ್ಟಿದ್ದನ್ನ ಇನ್ನೊಬ್ಬರ ಕೈಲಿ ಎರಡನೇ ಸಲ ನೋಡಿಸ್ತೀನಿ. ಅದನ್ನ ನಾನೇ ಬರೆದುಕೊಡ್ತೀನಿ. ಉಗ್ರಾಣಕ್ಕೆ ಮಾತ್ರ ಹೋಗಲ್ಲ."

ಮುಖ್ಯಸ್ಥರು ಜೇಬು ತಡಕಿದರು. ಪೆನ್ನು ಸಿಗಲಿಲ್ಲ. ನನ್ನದನ್ನು ಕೊಟ್ಟೆ, ಪ್ಯಾಡನ್ನೂ ಕೊಟ್ಟೆ. ಅವರು ನಿಂತೇ ಬರೆದರು, ಸಹಿ ಹಾಕಿದರು. ಅಕ್ಕ ಕನ್ನಡಕ ಮೇಲೇರಿಸಿ ಪೂರಾ ಓದಿ, ತಾರೀಖು ಹಾಕಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಅವರು ತಾರೀಖು ಹಾಕಿದರು. ವಿಚಾರಣಾ ವರದಿಯಲ್ಲಿ ಪುಟ್ಟಿಯ ಹೆಸರು ಬರೆಯಲೇಬೇಕಾಗುತ್ತದೆ ಎಂದು ಮೇಡಂ ಮೆಲ್ಲಗೆ ಹೇಳಿದರು. ಬರೆಯಿರಿ, ಅವಳ ಹೊಲಿಗೆ ಅವಳದೇ ಅಲ್ಲವೇ, ಎಂದರು ಅಕ್ಕ.

ಆಮೇಲೆ ತೊಟ್ಟಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದು, ಕೈಗವಸು ತೊಟ್ಟು, ಮೇಜಿನ ಬಳಿ ಬಂದರು. ಪುಟ್ಟಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದೀಪದ ಕೆಳಗೇ ನಿಂತಿದ್ದಳು.

"ಆ ಕಡೆ ಸರಿಯೆ. ಬೆಳಕಿಗೆ ಅಡ್ಡ ನಿಂತಿದೀಯ," ಎಂದರು ಅಕ್ಕ. "ತಕ್ಕಡಿ ಹತ್ರ ತಾ. ಮೂರನೇದನ್ನ ಮತ್ತೆ ತೂಗು. ಜೋರಾಗಿ ಓದು, ನನಗೆ ಕೇಳಿಸಬೇಕು."

"ಇನ್ನೂರ ನಲವತ್ತೊಂದು," ಎಂದು ಪುಟ್ಟಿ ಜೋರಾಗಿ ಓದಿದಳು.